ಪದ್ಮಿನಿಯ ಹಳೇ ಕಾರ್ಬುರೇಟರ್ ಬಿಸಾಕಬೇಕಾ?

ಮನೆಯಲ್ಲೇ ಪ್ರೀಮಿಯರ್ ಪದ್ಮಿನಿ ಅಥವಾ ಅದರ ಹಿಂದಿನ ಫಿಯೆಟ್ 1100 ಡಿ ಸರಿಮಾಡಲು ಕೂತವರು ತಪ್ಪದೇ ಕೇಳುವ ಪ್ರಶ್ನೆ ಇದು: "ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಇಂಜಿನ್ ಓಟ) ಸ್ಥಿರವಾಗಿ ನಿಲ್ಲುತ್ತಿಲ್ಲ. ಬೇರೆ ಕಾರಿನ ಕಾರ್ಬುರೇಟರ್ ಕೂರಿಸಿಬಿಡಲಾ?" ಬೇಡ. ಈ ಕಾರುಗಳ ಸೋಲೆಕ್ಸ್ ಕಾರ್ಬುರೇಟರ್‌ನ ವೆಂಚುರಿ (ಗಾಳಿ ಹೋಗುವ ಕಿರಿದಾದ ದಾರಿ), ಜೆಟ್‌ಗಳ (ಪೆಟ್ರೋಲನ್ನು ಅಳತೆಯಾಗಿ ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡುಗಳ) ಅಳತೆ ಆ 1089 ಸಿಸಿ ಇಂಜಿನ್‌ಗೆಂದೇ ಗೊತ್ತುಮಾಡಿದ್ದು. ಬೇರೆಯದನ್ನು ಅಡಾಪ್ಟರ್ ಮೇಲೆ ಕೂರಿಸಿದರೆ ಜೆಟ್ ಹೊಂದಿಸುವುದರಲ್ಲೇ ತಿಂಗಳು ಕಳೆಯುತ್ತದೆ. ಹಳೆಯದರಲ್ಲಿ ಸಾಮಾನ್ಯವಾಗಿ ಸವೆದಿರುವುದು ಒಂದೇ ಜಾಗ, ಥ್ರಾಟಲ್ ಶಾಫ್ಟ್ (ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ಪ್ಲೇಟನ್ನು ಹೊತ್ತ ಕಡ್ಡಿ) ತಿರುಗುವ ತೂತು.

ಮೊದಲು ಖಾತ್ರಿ ಮಾಡಿಕೊಳ್ಳಿ. ಶಾಫ್ಟ್‌ನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಕೈಗೆ ಪ್ಲೇ (ಸಡಿಲ) ಸಿಕ್ಕರೆ ಅಲ್ಲಿಂದ ಗಾಳಿ ಒಳಗೆ ಹೋಗುತ್ತಿದೆ ಎಂದರ್ಥ. ಇಂಜಿನ್ ಐಡಲ್‌ನಲ್ಲಿದ್ದಾಗ ಶಾಫ್ಟ್‌ನ ಎರಡೂ ತುದಿಗೆ ಸ್ವಲ್ಪ ನೀರು ಸ್ಪ್ರೇ ಮಾಡಿ. ಸದ್ದು ಬದಲಾದರೆ ಸಂಶಯವೇ ಇಲ್ಲ. ಪೆಟ್ರೋಲ್ ಸ್ಪ್ರೇ ಮಾಡಬೇಡಿ, ಬಿಸಿ ಇಂಜಿನ್ ಮೇಲೆ ಬೆಂಕಿ ಹತ್ತುತ್ತದೆ. ಈ ಗಾಳಿ ಸೋರುವವರೆಗೆ ಗಾಳಿ-ಪೆಟ್ರೋಲ್ ಪ್ರಮಾಣ ಹೊಂದಿಸುವ ಮಿಕ್ಸ್‌ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಐಡಲ್ ಸ್ಥಿರವಾಗದು.

ಬಿಚ್ಚುವಾಗ ಎಲ್ಲರೂ ಎಡವುವುದು ಥ್ರಾಟಲ್ ಪ್ಲೇಟಿನ ಎರಡು ಪುಟ್ಟ ಸ್ಕ್ರೂಗಳಲ್ಲಿ. ಉದುರಬಾರದೆಂದು ಅವುಗಳ ತುದಿಯನ್ನು ತಟ್ಟಿ ಅಗಲಿಸಿರುತ್ತಾರೆ. ಆ ತುದಿಯನ್ನು ಅರದಿಂದ ಉಜ್ಜಿ ತೆಗೆಯದೆ ಬಿಚ್ಚಹೊರಟರೆ ಶಾಫ್ಟಿನ ಮರೆ (ಸ್ಕ್ರೂ ಕೂರುವ ಥ್ರೆಡ್) ಕಿತ್ತುಹೋಗುತ್ತದೆ. ಪ್ಲೇಟಿನ ಅಂಚು ಓರೆ, ಹಾಗಾಗಿ ಮೇಲ್ಮುಖ ಯಾವುದೆಂದು ಮೊದಲೇ ಗುರುತು ಹಾಕಿ.

ಬಾಡಿ ಸತುವಿನ ಮಿಶ್ರಲೋಹದ್ದು. ಕಾಸ್ಟಿಕ್ ಸೋಡ, ಆಸಿಡ್ ತಾಗಿಸಿದರೆ ಅದೇ ಕರಗುತ್ತದೆ. ಸೀಮೆಎಣ್ಣೆ, ಮೆತ್ತನೆ ಬ್ರಷ್ ಸಾಕು. ಜೆಟ್‌ಗೆ ತಂತಿ ತೂರಿಸಬೇಡಿ. ಹಿತ್ತಾಳೆ ಮೆತ್ತಗೆ, ತೂತು ಒಂಚೂರು ಹಿಗ್ಗಿದರೂ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಗಾಳಿ ಊದಿ.

ಇನ್ನು ಬುಷ್, ಅಂದರೆ ಸವೆದ ತೂತಿಗೆ ಒತ್ತಿ ಕೂರಿಸುವ ಲೋಹದ ಬಳೆ. ಇದನ್ನು ಕೈ ಡ್ರಿಲ್‌ನಲ್ಲಿ ಮಾಡುವ ಧೈರ್ಯ ಬೇಡ, ಒಳ್ಳೆಯ ಲೇತ್ ಶಾಪಿಗೆ ಕೊಡಿ. ಎರಡೂ ಬದಿಯ ತೂತನ್ನು ಒಂದೇ ಸೆಟಿಂಗ್‌ನಲ್ಲಿ ದೊಡ್ಡದು ಮಾಡಿ, ಗನ್‌ಮೆಟಲ್ ಬುಷ್ ಒತ್ತಿ, ಆಮೇಲೆ ಒಂದೇ ರೀಮರ್ (ತೂತನ್ನು ನಿಖರ ಅಳತೆಗೆ ತರುವ ಉಪಕರಣ) ಎರಡನ್ನೂ ದಾಟಿ ಹೋಗಬೇಕು. ಒಂದೊಂದಾಗಿ ಮಾಡಿದರೆ ಗೆರೆ ತಪ್ಪಿ ಶಾಫ್ಟ್ ಬಿಗಿಯಾಗುತ್ತದೆ, ಥ್ರಾಟಲ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಅದು ರಸ್ತೆಯಲ್ಲಿ ಅಪಾಯ. ಶಾಫ್ಟೂ ಸವೆದಿದ್ದರೆ ಮಧ್ಯದ ಸವೆಯದ ಭಾಗವನ್ನು ಮೈಕ್ರೊಮೀಟರ್‌ನಲ್ಲಿ ಅಳೆದು ಅದೇ ಅಳತೆಗೆ ಸಿಲ್ವರ್ ಸ್ಟೀಲ್‌ನಲ್ಲಿ ಹೊಸದು ಕಡೆಸಿ. ಬುಷ್‌ಗೂ ಶಾಫ್ಟ್‌ಗೂ ನಡುವೆ 0.03ರಿಂದ 0.05 ಮಿ.ಮೀ. ಬಿಟ್ಟರೆ ಸಾಕು.

ಜೋಡಿಸುವಾಗ ಪ್ಲೇಟಿನ ಸ್ಕ್ರೂ ಸಡಿಲವಾಗಿರಲಿ. ಥ್ರಾಟಲ್ ಪೂರ್ತಿ ಮುಚ್ಚಿ, ಪ್ಲೇಟು ತಾನೇ ಮಧ್ಯಕ್ಕೆ ಕೂತ ಮೇಲೆ ಬಿಗಿಮಾಡಿ. ಬಲ್ಬಿನ ಎದುರು ಹಿಡಿದಾಗ ಅಂಚಿನ ಸುತ್ತ ಬೆಳಕು ಒಂದೇ ಕಡೆ ಕಂಡರೆ ಮತ್ತೆ ಕೂರಿಸಿ. ಸ್ಕ್ರೂ ಹೊಸದೇ ಹಾಕಿ, ತುದಿ ಮತ್ತೆ ತಟ್ಟಿ ಅಗಲಿಸಿ. ಒಂದು ಉದುರಿದರೂ ನೇರ ಸಿಲಿಂಡರಿಗೆ ಹೋಗುತ್ತದೆ.

ಕಾರ್ಬುರೇಟರ್ ಒಳಗೆ ಪೆಟ್ರೋಲ್ ಮಟ್ಟ ಕಾಯುವ ತೇಲುಬುರುಡೆ, ಹಿತ್ತಾಳೆ ಫ್ಲೋಟ್, ಅಲ್ಲಾಡಿಸಿ ನೋಡಿ. ಒಳಗೆ ಪೆಟ್ರೋಲ್ ಕುಲುಕಿದರೆ ಬಿಸಿ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬರುವಲ್ಲೇ ತೂತು. ಒಳಗಿನ ಪೆಟ್ರೋಲ್ ಪೂರ್ತಿ ಖಾಲಿಯಾಗಿ, ಒಣಗಿದ ಮೇಲಷ್ಟೇ ಬೆಸುಗೆ ಮಾಡಿ, ಅದೂ ತೆಳ್ಳಗೆ. ಸೀಸದ ಭಾರ ಹೆಚ್ಚಾದರೆ ಫ್ಲೋಟ್ ತಗ್ಗಿ ಪೆಟ್ರೋಲ್ ಮಟ್ಟ ಏರುತ್ತದೆ. ಡಯಾಫ್ರಾಮ್, ವಾಷರ್‌ಗಳನ್ನು ಮಾತ್ರ ಹಳೆಯದು ಉಳಿಸಿಕೊಳ್ಳಬೇಡಿ. ಈಗಿನ ಇ20 ಪೆಟ್ರೋಲಿನಲ್ಲಿ (20% ಎಥನಾಲ್ ಬೆರೆಸಿದ್ದು) ಇರುವ ಎಥನಾಲ್ ಹಳೇ ರಬ್ಬರನ್ನು ಉಬ್ಬಿಸುತ್ತದೆ.

ತಳದ ಫ್ಲೇಂಜ್ (ಮ್ಯಾನಿಫೋಲ್ಡಿಗೆ, ಅಂದರೆ ಇಂಜಿನ್‌ಗೆ ಗಾಳಿ-ಪೆಟ್ರೋಲ್ ಒಯ್ಯುವ ಕೊಳವೆಗೆ, ಕೂರುವ ಚಪ್ಪಟೆ ಅಂಚು) ಬಾಗಿದ್ದರೆ ದಪ್ಪ ಗಾಜಿನ ಮೇಲೆ 320 ನಂಬರ್ ಎಮರಿ ಪೇಪರ್ ಇಟ್ಟು ಎಂಟರ ಆಕಾರದಲ್ಲಿ ಉಜ್ಜಿ ಸಮ ಮಾಡಿ. ಮ್ಯಾನಿಫೋಲ್ಡಿಗೆ ಕೂರಿಸುವಾಗ ಎರಡೂ ನಟ್ಟನ್ನು ಸ್ವಲ್ಪ ಸ್ವಲ್ಪವೇ, ಒಂದಾದ ಮೇಲೊಂದು ಬಿಗಿಮಾಡಿ. ಒಂದೇ ಬದಿ ಜೋರಾಗಿ ಎಳೆದರೆ ಆ ಫ್ಲೇಂಜ್ ಮತ್ತೆ ಬಾಗುತ್ತದೆ.