ಮಾಂಡ್ವಾದಿಂದ ಮಾಜಾಳಿವರೆಗೆ: ಕರಾವಳಿ ಸೈಕಲ್ ದಾರಿಯ ಈ ಋತುವಿನ ಸುದ್ದಿ

ಮಳೆ ಹಿಂದೆ ಸರಿಯುತ್ತಿದೆ. ಮುಂಬೈ, ಪುಣೆ, ಗೋವಾಗಳಲ್ಲಿರುವ ನಮ್ಮ ಕನ್ನಡಿಗರ ಸೈಕಲ್ ಬಳಗ ಕೊಂಕಣ ಕರಾವಳಿ ದಾರಿಯ ತಪಾಸಣೆಗೆ ಇಳಿಯುವ ಹೊತ್ತು ಇದು. ಅಕ್ಟೋಬರ್ ಎರಡನೇ ವಾರದಿಂದ ಸವಾರರು ಹೊರಡತೊಡಗುತ್ತಾರೆ. ಅಷ್ಟರೊಳಗೆ ದಾರಿಯ ನಕ್ಷೆ, ಲಾಂಚಿನ ವೇಳೆ, ರಿಪೇರಿ ಡಬ್ಬಿ ಮೂರೂ ಸರಿಯಾಗಿರಬೇಕು.

ಹೊಸಬರಿಗಾಗಿ ದಾರಿಯ ಪರಿಚಯ. ಇದು ಸರ್ಕಾರ ಬೋರ್ಡು ಹಾಕಿಕೊಟ್ಟ ಸೈಕಲ್ ಪಥವಲ್ಲ. ಇರುವ ಹಳ್ಳಿ ರಸ್ತೆ, ಜಿಲ್ಲಾ ರಸ್ತೆ, ರೇವಸ್–ರೆಡ್ಡಿ ಸಾಗರಿ ಮಾರ್ಗದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದ್ದು. ಮುಂಬೈಯ ಭಾವುಚಾ ಧಕ್ಕಾದಿಂದ ನೀರು ದಾಟಿ ಮಾಂಡ್ವಾ, ಅಲಿಬಾಗ್, ಮುರುಡ್, ಶ್ರೀವರ್ಧನ, ಹರ್ಣೈ, ಗುಹಾಗರ, ಗಣಪತಿಪುಳೆ, ರತ್ನಾಗಿರಿ, ದೇವಗಡ, ಮಾಲವಣ, ವೆಂಗುರ್ಲಾ ಹಿಡಿದು ತೇರೆಖೋಲ್‌ನಲ್ಲಿ ಗೋವಾ ಸೇರುತ್ತದೆ. ಅಲ್ಲಿಂದ ಪಣಜಿ, ಮಡಗಾಂವ್, ಕಾಣಕೋಣ ದಾಟಿ ಪೋಳೆಂ ನಾಕೆಯ ಆಚೆ ಮಾಜಾಳಿ, ಅಂದರೆ ನಮ್ಮ ಕಾರವಾರ. ಪುಣೆಯವರು ಮುಂಬೈಗೆ ಹೋಗಬೇಕಿಲ್ಲ. ಪೌಡ್, ಮುಳಶಿ ಮೇಲೆ ತಾಮ್ಹಿಣಿ ಘಾಟಿ ಇಳಿದು ಮಾಣಗಾಂವ್, ಮ್ಹಸಳಾ ಮೂಲಕ ಶ್ರೀವರ್ಧನದಲ್ಲಿ ಸೇರಿಕೊಳ್ಳಬಹುದು.

ಪನ್ವೇಲ್‌ನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 66 ಇರುವಾಗ ಈ ಸುತ್ತುದಾರಿ ಏಕೆ ಎಂದು ಕೇಳುವವರಿದ್ದಾರೆ. ಹೆದ್ದಾರಿಯಲ್ಲಿ ಲಾರಿ, ಟ್ಯಾಂಕರುಗಳ ಪಕ್ಕದಲ್ಲೇ ದಿನವಿಡೀ ತುಳಿಯಬೇಕು. ಅಂಚಿನಲ್ಲಿ ಸಿಡಿದ ಲಾರಿ ಟೈರಿನ ಸಣ್ಣ ತಂತಿಗಳು ಬಿದ್ದಿರುತ್ತವೆ. ಕೂದಲಿನಷ್ಟೇ ಸಪೂರ ಇರುವ ಈ ತಂತಿ ಟೈರಿನೊಳಗೆ ಸೇರಿದರೆ ಕಣ್ಣಿಗೆ ಕಾಣದು. ಟ್ಯೂಬ್ ಬದಲಿಸಿದರೂ ಹತ್ತು ಕಿಲೋಮೀಟರಿಗೆ ಮತ್ತೆ ಅದೇ ಜಾಗದಲ್ಲಿ ಪಂಚರ್. ಟ್ಯೂಬಿನ ತೂತಿಗೆ ಸರಿಯಾಗಿ ಟೈರಿನ ಜಾಗ ಹಿಡಿದು, ಟೈರನ್ನು ಒಳಗಿನಿಂದ ಹೊರಗೆ ಮಡಚಿ, ಹತ್ತಿಯ ಉಂಡೆ ಎಳೆದು ನೋಡಿದರೆ ತಂತಿ ಎಳೆಗೆ ಸಿಕ್ಕಿಕೊಳ್ಳುತ್ತದೆ. ಕರಾವಳಿ ದಾರಿಯಲ್ಲಿ ಈ ಕಾಟ ಕಡಿಮೆ, ಏರಿಳಿತ ಮಾತ್ರ ಹೆಚ್ಚು. ಪ್ರತಿ ಖಾಡಿಗೂ, ಅಂದರೆ ಕಡಲ ನೀರು ಒಳನುಗ್ಗುವ ನದಿಮುಖಕ್ಕೂ, ಇಳಿದು, ದಾಟಿ, ಮತ್ತೆ ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲಿನ (ಇಲ್ಲಿಯವರ ಮಾತಲ್ಲಿ ಸಡಾ) ಮೇಲೆ ಹತ್ತಬೇಕು. ಆ ಬಯಲಿನಲ್ಲಿ ನೆರಳೂ ಇಲ್ಲ, ಅಂಗಡಿಯೂ ಇಲ್ಲ. ಮೂರು ಲೀಟರ್ ನೀರು ಕೆಳಗಿನ ಊರಿನಲ್ಲೇ ತುಂಬಿಕೊಳ್ಳಿ.

ಈ ದಾರಿಯ ಕೀಲಿ ಇರುವುದು ಖಾಡಿಗಳಲ್ಲಿ. ಮಹಾರಾಷ್ಟ್ರದಲ್ಲಿ ವಾಹನ ಸಾಗಿಸುವ ಬಾರ್ಜ್ ಹಿಡಿಯಬೇಕಾದ ಜಾಗ ನಾಲ್ಕು: ರಾಜಪುರಿ ಖಾಡಿಯಲ್ಲಿ ಆಗರದಾಂಡಾ–ದಿಘಿ, ಸಾವಿತ್ರಿ ನದಿಯಲ್ಲಿ ಬಾಗಮಾಂಡ್ಲಾ–ವೇಶ್ವಿ, ವಾಶಿಷ್ಠಿಯಲ್ಲಿ ದಾಭೋಳ–ಧೋಪಾವೆ, ಶಾಸ್ತ್ರಿಯಲ್ಲಿ ತವಸಾಳ–ಜಯಗಡ. ಐದನೆಯದು ಗಡಿಯ ತೇರೆಖೋಲ್–ಕೇರಿ, ಅದನ್ನು ಗೋವಾ ಸರ್ಕಾರವೇ ನಡೆಸುತ್ತದೆ. ನೀರಿನ ಮೇಲೆ ಕೆಲವೇ ನಿಮಿಷದ ಹಾದಿ. ತಪ್ಪಿದರೆ ಮಾತ್ರ ದಿನದ ಲೆಕ್ಕವೇ ತಲೆಕೆಳಗು: ದಾಭೋಳದಲ್ಲಿ ಬಾರ್ಜ್ ನಿಂತಿದ್ದರೆ ಚಿಪಳೂಣ ಸುತ್ತಿಕೊಂಡು ಬರಬೇಕು. ಕೇರಿಯಲ್ಲಿ ನಿಂತಿದ್ದರೆ ಅಷ್ಟು ಕಷ್ಟವಿಲ್ಲ, ಆರೋಂದಾ–ಕಿರಣ್‌ಪಾಣಿ ಸೇತುವೆ ಇದೆ.

ಬಾರ್ಜ್ ನಿಲ್ಲುವುದಕ್ಕೆ ಗಾಳಿಮಳೆಯಷ್ಟೇ ದೊಡ್ಡ ಕಾರಣ ಇಳಿತ. ಮುಂಬೈ ಕಡೆ ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ಭರತಕ್ಕೂ ಇಳಿತಕ್ಕೂ ನಾಲ್ಕು ಮೀಟರಿಗಿಂತ ಹೆಚ್ಚು ಅಂತರ ಬೀಳುತ್ತದೆ. ಗೋವಾದಲ್ಲಿ ಅದು ಸುಮಾರು ಎರಡು ಮೀಟರ್. ರೇವಸ್‌ನಂಥ ಹೂಳು ತುಂಬಿದ ಧಕ್ಕೆಗೆ ಪೂರ್ತಿ ಇಳಿತದಲ್ಲಿ ಲಾಂಚ್ ತಾಗಲು ಕಷ್ಟ. ಕೇರಿಯಲ್ಲಿ ಮರಳದಿಬ್ಬ ಅಡ್ಡ ಬರುತ್ತದೆ. ಭರತದ ಹೊತ್ತನ್ನು ಕೋಳಿ ಸಮುದಾಯದ ಮೀನುಗಾರರು ಬಾಯಿಲೆಕ್ಕದಲ್ಲೇ ಹೇಳುತ್ತಾರೆ: ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಿದರೆ ಭರತದ ಗಂಟೆ ಸಿಗುತ್ತದೆ. ಚತುರ್ಥಿಯೆಂದರೆ ನಾಲ್ಕರ ಮುಕ್ಕಾಲು ಮೂರು. ಮಧ್ಯಾಹ್ನ ಮೂರಕ್ಕೂ ರಾತ್ರಿ ಮೂರರ ಸುಮಾರಿಗೂ ಭರತ, ಒಂಬತ್ತರ ಆಸುಪಾಸಿನಲ್ಲಿ ಇಳಿತ. ಅಷ್ಟಮಿಗೆ ಆರಕ್ಕೆ ಭರತ, ಹನ್ನೆರಡಕ್ಕೆ ಇಳಿತ. ಶುಕ್ಲವಾದರೂ ಕೃಷ್ಣವಾದರೂ ಲೆಕ್ಕ ಒಂದೇ. ಇದು ಮುಂಬೈ ಸುತ್ತಿನ ಲೆಕ್ಕ, ದಕ್ಷಿಣಕ್ಕೆ ಹೋದಂತೆ ಭರತ ಸ್ವಲ್ಪ ಮುಂಚೆ ಬರುತ್ತದೆ. ಮನೆಯ ಗೋಡೆಯ ಪಂಚಾಂಗ ಸಾಕು, ಫೋನಿಗೆ ಸಿಗ್ನಲ್ ಬೇಕಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ದಿನ ಮುಂಜಾನೆ ಐದಾರರ ಹೊತ್ತಿಗೆ ನೀರು ತಳ ಕಂಡಿರುತ್ತದೆ, ಹಾಗಾಗಿ ಆ ದಿನಗಳಲ್ಲಿ ಮೊದಲ ಬಾರ್ಜನ್ನೇ ನಂಬಿ ಹೊರಡಬೇಡಿ.

ಬಾರ್ಜಿನ ಇಳಿಜಾರು ಕಬ್ಬಿಣದ್ದು, ಪಾಚಿ ಹಿಡಿದಿರುತ್ತದೆ. ಇಳಿದು, ಸೈಕಲ್ ತಳ್ಳಿಕೊಂಡೇ ಹತ್ತಿ. ಕಾರುಗಳೆಲ್ಲ ಒಳಗೆ ಹೋದ ಮೇಲೆ ಹತ್ತುವುದು ಒಳ್ಳೆಯದು. ಹಳೆ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಳೆಯೊಂದನ್ನು ಹ್ಯಾಂಡಲಿಗೆ ಹಾಕಿಟ್ಟುಕೊಳ್ಳಿ. ನಿಲ್ಲಿಸುವಾಗ ಮುಂದಿನ ಬ್ರೇಕ್ ಒತ್ತಿ ಅದನ್ನು ಲಿವರಿನ ಮೇಲೆ ಎಳೆದು ಕೂರಿಸಿದರೆ ಚಕ್ರ ಉರುಳುವುದಿಲ್ಲ. ದಾಟಿದ ಸಂಜೆ ಸೈಕಲ್ಲಿಗೆ ಒಂದು ತಂಬಿಗೆ ಸಿಹಿನೀರು ಸುರಿದು ಒರೆಸಿ. ಜೋರಾಗಿ ಚಿಮ್ಮುವ ಪೈಪ್ ಹಿಡಿದರೆ ಹಬ್‌ನ ಗ್ರೀಸ್ ತೊಳೆದು ಹೋಗುತ್ತದೆ. ಚೈನ್ ಒಣಗಿದ ಮೇಲೆ ಎಣ್ಣೆ ಬಿಟ್ಟು, ಹೊರಗಿನದ್ದನ್ನು ಬಟ್ಟೆಯಲ್ಲಿ ತೆಗೆಯಿರಿ. ಉಪ್ಪುಗಾಳಿಯಲ್ಲಿ ಒಂದೇ ರಾತ್ರಿಗೆ ಕೊಂಡಿಗಳ ಮೇಲೆ ಕೆಂಪು ಕಾಣಿಸಿಕೊಳ್ಳುತ್ತದೆ.

ಈ ಋತುವಿನಲ್ಲಿ ಹೆಚ್ಚು ಹೊತ್ತು ಹಿಡಿದ ಕೆಲಸ ನಕ್ಷೆಯದು. ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ಆಧಾರದ ಆ್ಯಪ್‌ಗಳು ಕೆಲವು ಖಾಡಿಗಳಲ್ಲಿ ಸವಾರರನ್ನು ಸುಮ್ಮನೆ ಹೆದ್ದಾರಿಗೆ ತಿರುಗಿಸುತ್ತಿದ್ದವು. ಕಾರಣ ಸಣ್ಣದು: ನೀರಿನ ಮೇಲೆ ಎಳೆದ ಫೆರ್ರಿ ಗೆರೆಯ ತುದಿ ಧಕ್ಕೆಯ ರಸ್ತೆಯ ತುದಿಗೆ ತಾಗಿದಂತೆ ಕಂಡರೂ ಎರಡಕ್ಕೂ ಒಂದೇ ಬಿಂದು ಇರಲಿಲ್ಲ. ದಾರಿ ಹುಡುಕುವ ಯಂತ್ರಕ್ಕೆ ಅರ್ಧ ಮೀಟರಿನ ಅಂತರವೂ ಕಡಿದ ದಾರಿಯೇ. ಸರಿಪಡಿಸುವುದು ಹೀಗೆ: ಎಡಿಟರಿನಲ್ಲಿ ಎರಡೂ ತುದಿ ಆಯ್ದು ಒಂದೇ ಬಿಂದುವಾಗಿ ಬೆಸೆಯಬೇಕು, ಗೆರೆ ಫೆರ್ರಿ ಎಂದೂ ಸೈಕಲ್ಲಿಗೆ ಪ್ರವೇಶ ಇದೆ ಎಂದೂ ಗುರುತು ಹಾಕಬೇಕು, ದಾಟಲು ಹಿಡಿಯುವ ನಿಮಿಷ ತುಂಬಬೇಕು. ನಿಮಿಷ ಬಿಟ್ಟರೆ ಯಂತ್ರ ತನ್ನದೇ ಅಂದಾಜು ಹಾಕಿ, ಸುತ್ತುದಾರಿಯೇ ಬೇಗ ಎಂದು ತೀರ್ಮಾನಿಸಬಹುದು. ಊರ ಹೆಸರುಗಳನ್ನು ಕನ್ನಡದಲ್ಲೂ ತುಂಬುತ್ತ ಬಂದಿದ್ದೇವೆ.

ಮಾಲವಣದ ದಕ್ಷಿಣಕ್ಕೆ ಇನ್ನೊಂದು ತಪ್ಪು ಪದೇ ಪದೇ ಆಗುತ್ತದೆ. ತಾರಕರ್ಲಿ ದಾಟಿ ನೇರ ಹೋದರೆ ದೇವಬಾಗ್‌ನ ಮರಳುನಾಲಿಗೆಯ ತುದಿಯಲ್ಲಿ ರಸ್ತೆ ಮುಗಿಯುತ್ತದೆ. ಆಚೆ ದಂಡೆ ಕಣ್ಣಿಗೆ ಕಾಣುತ್ತಿರುತ್ತದೆ, ಆದರೆ ವಾಹನದ ಬಾರ್ಜ್ ಇಲ್ಲ. ಪ್ರವಾಸಿ ದೋಣಿಯವರು ಮನಸ್ಸು ಮಾಡಿದರೆ ಸೈಕಲ್ ಹತ್ತಿಸಿಕೊಂಡಾರು, ಅದನ್ನು ನಂಬಿ ದಿನದ ಯೋಜನೆ ಹಾಕುವಂತಿಲ್ಲ. ನಮ್ಮ ನಕ್ಷೆಯ ಕಡತದಲ್ಲಿ ದಾರಿ ಒಳನಾಡಿಗೆ ತಿರುಗಿ ನೇರೂರ್‌ಪಾರ್ ಸೇತುವೆಯಲ್ಲಿ ಕರ್ಲಿ ನದಿ ದಾಟುತ್ತದೆ.

ಇನ್ನು ರಿಪೇರಿ ಡಬ್ಬಿ. ದಾರಿಯ ಖಾನಾವಳಿ, ಹೋಮ್‌ಸ್ಟೇಗಳ ಯಜಮಾನರು ಜಾಗ ಕೊಟ್ಟ ಕಡೆ ಡಬ್ಬಿ ಇಡುತ್ತೇವೆ. ತಗಡಿನದಲ್ಲ, ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಹಳ್ಳಿಯ ಪಂಚರ್ ಅಂಗಡಿಯಲ್ಲಿ ಸಿಗುವುದನ್ನು ತುಂಬಿ ಪ್ರಯೋಜನವಿಲ್ಲ, ಅಲ್ಲಿ ಸಿಗದ್ದು ಬೇಕು. ಅಂಗಡಿಯ 28×1½ ಟೈರಿನ ಕೂರುವ ವ್ಯಾಸ 635 ಮಿ.ಮೀ., ನಿಮ್ಮ 700ಸಿ ಅಥವಾ 29 ಇಂಚಿನ ರಿಮ್‌ನದು 622. ಆ ಟೈರ್ ಸಡಿಲವಾಗಿ ಜಾರಿ ಬೀಳುತ್ತದೆ. ಟ್ಯೂಬ್ ಮಾತ್ರ ಹಿಗ್ಗುವ ವಸ್ತು, ಆಪತ್ತಿಗೆ ನಡೆದೀತು, ಅದೂ ವಾಲ್ವ್ ತೂತು ಹಿಡಿಸಿದರೆ. ಪ್ರೆಸ್ಟಾ ಎಂಬ ಸಪೂರ ವಾಲ್ವಿನ ರಿಮ್‌ಗೆ ತೂತು ಸುಮಾರು 6.5 ಮಿ.ಮೀ., ದಪ್ಪ ವಾಲ್ವ್ ಅದರಲ್ಲಿ ತೂರುವುದೇ ಇಲ್ಲ. ಆದ್ದರಿಂದ ಡಬ್ಬಿಯಲ್ಲಿ 700×28–38 ಅಳತೆಯ ಪ್ರೆಸ್ಟಾ ಟ್ಯೂಬ್ ಎರಡು, 26 ಇಂಚಿನ ಟ್ಯೂಬ್ ಒಂದು, ಜೊತೆಗೆ ಹಿತ್ತಾಳೆಯ ವಾಲ್ವ್ ಅಡಾಪ್ಟರ್ ಎರಡು. ಅಡಾಪ್ಟರ್ ಇದ್ದರೆ ಬೈಕಿಗೆ ಗಾಳಿ ಹಾಕುವ ಯಾವ ಅಂಗಡಿಯಲ್ಲೂ ಕೆಲಸವಾಗುತ್ತದೆ. ಕಂಪ್ರೆಸರ್ ಗಾಳಿಯನ್ನು ಸ್ವಲ್ಪಸ್ವಲ್ಪವೇ ಬಿಡಲು ಹೇಳಿ, ಸೈಕಲ್ ಟ್ಯೂಬ್ ಕ್ಷಣದಲ್ಲಿ ತುಂಬಿಬಿಡುತ್ತದೆ. 35 ಮಿ.ಮೀ. ಟೈರಿಗೆ, ಸಾಮಾನು ಹೇರಿದ್ದರೆ, ಹಿಂದೆ 55, ಮುಂದೆ 45 ಪಿಎಸ್‌ಐ ಸುಮಾರು.

ಪಂಚರ್ ಸೊಲ್ಯೂಷನ್ ಟ್ಯೂಬನ್ನು ಒಮ್ಮೆ ಒಡೆದರೆ ಕೊಂಕಣದ ಸೆಖೆಗೆ ಬೇಗ ಒಣಗುತ್ತದೆ. ಹಾಗಾಗಿ ಸಣ್ಣ, ಒಡೆಯದ ಟ್ಯೂಬುಗಳನ್ನೇ ಇಡುತ್ತೇವೆ. ಬಳಸಿದವರು ಉಳಿದದ್ದನ್ನು ತೆಗೆದುಕೊಂಡು ಹೋಗಿ, ವಾಪಸ್ ಇಡಬೇಡಿ. ಟೈರಿನ ಪಕ್ಕ ಸೀಳಿದರೆ ಒಳಗಿಡಲು ಹಳೆ ರೋಡ್ ಟೈರಿನ ಆರೇಳು ಸೆಂಟಿಮೀಟರ್ ತುಂಡು, ಅಂಚಿನ ತಂತಿ ತೆಗೆದದ್ದು. ಚೈನಿನ ಜೋಡುಕೊಂಡಿ 8, 9, 10, 11 ಸ್ಪೀಡಿಗೆ ಬೇರೆಬೇರೆ, ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿ ಸಂಖ್ಯೆ ಬರೆದಿದೆ. ಬೇರೆ ಸಂಖ್ಯೆಯದನ್ನು ಒತ್ತಿ ಕೂರಿಸಿದರೆ ಮುಂದಿನ ಏರಿನಲ್ಲೇ ಬಿಚ್ಚಿಕೊಳ್ಳಬಹುದು. ಬ್ರೇಕ್ ಕೇಬಲ್, ಗೇರ್ ಕೇಬಲ್ ತಲಾ ಒಂದು. 4, 5, 6 ಮಿ.ಮೀ. ಅಲನ್ ಕೀ, ನಕ್ಷತ್ರ ತಲೆಯ ಬೋಲ್ಟಿಗೆ ಟಿ25 ಕೀ.

ಅತಿ ಹೆಚ್ಚು ಖರ್ಚಾಗುವುದು ಎಂ5, ಅಂದರೆ 5 ಮಿ.ಮೀ. ದಪ್ಪದ ಬೋಲ್ಟು. ಹಿಂದಿನ ಕ್ಯಾರಿಯರನ್ನು ಫ್ರೇಮಿಗೆ ಹಿಡಿದಿರುವುದು ಅದೇ. ಹೊಂಡದ ರಸ್ತೆಯ ಅದುರಿಗೆ ಕೆಳಗಿನ ಬೋಲ್ಟು ಸಡಿಲಾಗಿ ಬಿದ್ದರೆ ಭಾರವೆಲ್ಲ ಇನ್ನೊಂದರ ಮೇಲೆ ಬಂದು ಅದು ಫ್ರೇಮಿನ ಕಣ್ಣಿನೊಳಗೇ ತುಂಡಾಗುತ್ತದೆ, ಆಗ ಡ್ರಿಲ್ ಇಲ್ಲದೆ ತೆಗೆಯಲಾಗದು. ಹೊರಡುವ ಮುನ್ನ ಬೋಲ್ಟು ಸಡಿಲಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕ್ ಅಂಟು ಹಾಕಿ ಬಿಗಿ ಮಾಡಿ. ಪ್ರತಿ ಬೆಳಿಗ್ಗೆ ಕೈಯಲ್ಲಿ ಅಲುಗಿಸಿ ನೋಡಿ.

ಚಕ್ರದ ಕಡ್ಡಿಗಳ ವಿಷಯದಲ್ಲಿ ಡಬ್ಬಿ ಅಷ್ಟಾಗಿ ಸಹಾಯ ಮಾಡಲಾರದು. ಹಬ್, ರಿಮ್ ಬದಲಾದಂತೆ ಉದ್ದ ಒಂದೆರಡು ಮಿಲಿಮೀಟರ್ ಬದಲಾಗುತ್ತದೆ, ಎಲ್ಲರಿಗೂ ಹೊಂದುವ ಕಡ್ಡಿ ಇಡಲಾಗದು. ಮುರಿಯುವುದು ಹೆಚ್ಚಾಗಿ ಹಿಂಚಕ್ರದ ಗೇರ್ ಬದಿಯದು, ಹಬ್‌ನ ಹತ್ತಿರದ ಬಾಗಿನಲ್ಲಿ. ಸಡಿಲ ಕಡ್ಡಿ ಪ್ರತಿ ಸುತ್ತಿನಲ್ಲೂ ಎಳೆದು ಬಿಟ್ಟು ಆಗಿ ದಣಿದು ಮುರಿಯುತ್ತದೆ. ನಿಮ್ಮದೇ ಅಳತೆಯ ಎರಡು ಕಡ್ಡಿಗಳನ್ನು ಚೈನ್‌ಸ್ಟೇಗೆ (ಪೆಡಲಿನಿಂದ ಹಿಂಚಕ್ರಕ್ಕೆ ಹೋಗುವ ಫ್ರೇಮಿನ ಕೊಳವೆಗೆ) ಟೇಪಿನಿಂದ ಅಂಟಿಸಿಕೊಳ್ಳಿ. ಕ್ಯಾಸೆಟ್ (ಹಿಂದಿನ ಗೇರ್‌ಚಕ್ರಗಳ ಗೊಂಚಲು) ಬಿಚ್ಚುವ ಸಾಧನ, ಅದನ್ನು ತಿರುಗದಂತೆ ಹಿಡಿಯುವ ಚೈನ್ ವಿಪ್ ಭಾರದವು, ರತ್ನಾಗಿರಿ ಮತ್ತು ಮಾಲವಣದ ಡಬ್ಬಿಗಳಲ್ಲಿ ಮಾತ್ರ ಇವೆ.

ಸೇತುವೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ರೇವಸ್–ರೆಡ್ಡಿ ಮಾರ್ಗದ ಖಾಡಿಗಳಿಗೆ ಸೇತುವೆ ಕಟ್ಟುವ ಯೋಜನೆ ಮಹಾರಾಷ್ಟ್ರ ರಾಜ್ಯ ರಸ್ತೆ ಅಭಿವೃದ್ಧಿ ನಿಗಮದ ಕೈಯಲ್ಲಿದೆ. ದಂಡೆಯ ಊರುಗಳಿಗೆ ಸೇತುವೆ ಬೇಕು, ಆಸ್ಪತ್ರೆಗೆ ಹೋಗುವವರು ಬಾರ್ಜ್ ಕಾಯುವಂತಾಗಬಾರದು. ಆದರೆ 2024ರ ಜನವರಿಯಲ್ಲಿ ತೆರೆದ ಮುಂಬೈಯ 21.8 ಕಿ.ಮೀ. ಅಟಲ್ ಸೇತುವಿನ ಮೇಲೆ ಸೈಕಲ್ಲಿಗೂ ಬೈಕಿಗೂ ಪ್ರವೇಶವಿಲ್ಲ. ಅದಕ್ಕೇ ಮುಂಬೈಯಿಂದ ಹೊರಡುವ ಸವಾರರು ಇಂದಿಗೂ ಲಾಂಚ್ ಅಥವಾ 2020ರಲ್ಲಿ ಶುರುವಾದ ವಾಹನ ಸಾಗಿಸುವ ಮಾಂಡ್ವಾ ರೋ–ರೋ ಹಡಗನ್ನೇ ಹಿಡಿಯುತ್ತಾರೆ. ಖಾಡಿಗಳಲ್ಲೂ ಹೀಗಾಗಿ, ಜೊತೆಗೆ ಬಾರ್ಜೂ ನಿಂತರೆ ಈ ದಾರಿ ನಾಲ್ಕು ಕಡೆ ತುಂಡಾಗುತ್ತದೆ. ಹೊಸ ಸೇತುವೆಗಳಲ್ಲಿ ಎರಡು ಮೀಟರಿನ ಪಕ್ಕದ ಪಥ ವಿನ್ಯಾಸದಲ್ಲೇ ಇರಲಿ ಎಂದು ನಾವು ಕೇಳುತ್ತೇವೆ. ಅದು ಮೀನಿನ ಬುಟ್ಟಿ ಹೊತ್ತ ಹೆಂಗಸರಿಗೂ ಶಾಲೆಯ ಮಕ್ಕಳಿಗೂ ಬೇಕಾದ ಜಾಗ. ದಂಡೆಯ ಗ್ರಾಮ ಪಂಚಾಯಿತಿಗಳ ಮೂಲಕ ಅರ್ಜಿ ಹೋದರೆ ತೂಕ ಹೆಚ್ಚು.

ದಾರಿಯ ಕೊನೆಯಲ್ಲೂ ಎಚ್ಚರ ಬೇಕು. ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದ ಮೇಲೆ ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಗೆ ಬಂದವು. ಸದಾಶಿವಗಡದಿಂದ ಕಾರವಾರಕ್ಕೆ ದಾಟುವವರು ಹಗಲಲ್ಲೇ, ಹಿಂದೀಪ ಹಾಕಿಕೊಂಡೇ ದಾಟಿ.

ವಾಪಸ್ ರೈಲಿನಲ್ಲಿ ಬರುವವರು ಮಡಗಾಂವ್‌ನಲ್ಲಿ ಬುಕ್ ಮಾಡುವುದು ಒಳ್ಳೆಯದು. ಎರಡು ನಿಮಿಷ ನಿಲ್ಲುವ ಸಣ್ಣ ಸ್ಟೇಷನ್ನುಗಳಲ್ಲಿ ಬ್ರೇಕ್ ವ್ಯಾನಿಗೆ ಸೈಕಲ್ ಏರಿಸುವುದು ಕಷ್ಟ. ನಿಮ್ಮ ಟಿಕೆಟ್ ತೋರಿಸಿ ಲಗೇಜ್ ಎಂದು ಬುಕ್ ಮಾಡಿದರೆ ಅದೇ ರೈಲಿಗೆ ಹಾಕುತ್ತಾರೆ, ಪಾರ್ಸೆಲ್ ಆದರೆ ಬೇರೆ ರೈಲಿನಲ್ಲಿ ಬರಬಹುದು. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದು ಚಕ್ರ ಬಿಚ್ಚಿದರೆ ಪ್ಯಾಡುಗಳ ನಡುವೆ ರಟ್ಟಿನ ತುಂಡು ಸಿಗಿಸಿ. ಯಾರಾದರೂ ಲಿವರ್ ಒತ್ತಿದರೆ ಪ್ಯಾಡುಗಳು ಅಂಟಿಕೊಂಡು ಡಿಸ್ಕ್ ಒಳಗೆ ಹೋಗುವುದಿಲ್ಲ.

ಸ್ವಯಂಸೇವಕರಾಗಿ ಬರುವವರಿಗೆ ಒಂದು ದಿನದಲ್ಲಿ ನಿಧಾನವಾಗಿ ಮುಗಿಯುವಷ್ಟು, ಅಂದರೆ 40–50 ಕಿಲೋಮೀಟರಿನ ತುಂಡು ಒಪ್ಪಿಸುತ್ತೇವೆ. ದೋಷ ಕಂಡಲ್ಲಿ ನಿಂತು ಎರಡು ಫೋಟೋ ತೆಗೆಯಿರಿ: ಒಂದು ಹತ್ತಿರದಿಂದ, ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟು, ಗಾತ್ರ ತಿಳಿಯಲಿ. ಇನ್ನೊಂದು ದೂರದಿಂದ, ಗುಡಿಯೋ ಬಸ್ ನಿಲ್ದಾಣವೋ ಕಾಣುವಂತೆ. ರಸ್ತೆಯ ಯಾವ ಬದಿ ಎಂದು ಬರೆಯಿರಿ. ಬಣ್ಣ ಹಚ್ಚದ ಹಂಪುಗಳನ್ನು, ಅದರಲ್ಲೂ ಧಕ್ಕೆಗೆ ಇಳಿಯುವ ಕಡೆಯವನ್ನು, ಬಿಡದೆ ಗುರುತು ಹಾಕಿ. ಬಂಡೆ, ಮರ, ಕಟ್ಟೆಗಳ ಮೇಲೆ ಬಾಣ ಬರೆಯಬೇಡಿ, ಪಂಚಾಯಿತಿಯ ಒಪ್ಪಿಗೆ ಸಿಕ್ಕ ಕಡೆ ಮಾತ್ರ ಫಲಕ. ಬಾರ್ಜಿನ ವೇಳಾಪಟ್ಟಿಯ ಫೋಟೋ ತೆಗೆದರೆ ತಾರೀಖು ಸೇರಿಸಿ, ಟಿಕೆಟ್ ಕಿಟಕಿಯಲ್ಲಿ ಕೊನೆಯ ಬಾರ್ಜಿನ ಹೊತ್ತನ್ನು ಬಾಯಿಬಿಟ್ಟು ಕೇಳಿ ಖಚಿತಪಡಿಸಿಕೊಳ್ಳಿ. ಈಗ ಜನ ಬೇಕಿರುವುದು ವೇಶ್ವಿಯಿಂದ ಆಂಜರ್ಲೆ, ಗುಹಾಗರದಿಂದ ತವಸಾಳ, ಮತ್ತು ಗೋವಾದಲ್ಲಿ ಬೇತುಲ್‌ನಿಂದ ಆಗೊಂದ ತುಂಡುಗಳಿಗೆ. ಮೂರೂ ಕಡಿದಾದವು, ನಿಮ್ಮ ಅತಿ ದೊಡ್ಡ ಹಿಂಗೇರ್ 32 ಹಲ್ಲಿಗಿಂತ ಸಣ್ಣದಿದ್ದರೆ ತಳ್ಳಿಕೊಂಡು ಹತ್ತುವ ಸಿದ್ಧತೆಯಲ್ಲಿ ಬನ್ನಿ.