ಟೇಲರ್ ಬೀದಿಯ ಏರಿನಲ್ಲಿ ಸ್ಟೀವ್ ಮೆಕ್ವೀನ್ ನೆನಪು

ಅಪ್ಪ ಮೈಸೂರಿನಿಂದ ನಮ್ಮಲ್ಲಿಗೆ ಬಂದು ಎರಡು ತಿಂಗಳಾಗಿತ್ತು. ಬಂದವರನ್ನೆಲ್ಲ ಕರೆದೊಯ್ಯುವ ಜಾಗಗಳನ್ನು ಸುತ್ತಿಸಿ ಮುಗಿಸಿ, ಇನ್ನೇನು ನೋಡಬೇಕು ಎಂದು ಕೇಳಿದಾಗ ಅವರು ಸ್ವಲ್ಪ ಸಂಕೋಚದಿಂದಲೇ, "ಸ್ಟೀವ್ ಮೆಕ್ವೀನ್ ಆ ಹಸಿರು ಕಾರು ಓಡಿಸಿದ್ದು ಇದೇ ಊರಿನಲ್ಲಲ್ಲವೇನಮ್ಮಾ?" ಎಂದರು. ಹಾಲಿವುಡ್ ನಟ ಮೆಕ್ವೀನ್ ಅವರ ಆ ಚಿತ್ರವನ್ನು ಅಪ್ಪ ನೋಡಿದ್ದು ಇಪ್ಪತ್ತರ ಹರೆಯದಲ್ಲಿ. ಅದಕ್ಕಾಗಿಯೇ ಗೆಳೆಯನನ್ನು ಹಿಂದೆ ಕೂರಿಸಿಕೊಂಡು, ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ತಮ್ಮ ಜಾವಾದಲ್ಲಿ ಬೆಂಗಳೂರಿಗೆ ಹೋಗಿ ಬಂದಿದ್ದರಂತೆ. ಇಷ್ಟು ವರ್ಷ ಅವರ ಮಗಳಾಗಿದ್ದೂ ಈ ಸಂಗತಿ ನನಗೆ ತಿಳಿದದ್ದು ಆ ದಿನವೇ.

ಮರುದಿನ ಬೆಳಿಗ್ಗೆ ನಾವು ಸ್ಯಾನ್ ಫ್ರಾನ್ಸಿಸ್ಕೋದ ಟೇಲರ್ ಬೀದಿಗೆ ಹೋದೆವು. 1968ರ 'ಬುಲಿಟ್' ಚಿತ್ರದಲ್ಲಿ ಮೆಕ್ವೀನ್ ಪಾತ್ರದ ಮನೆಯಿರುವುದು ಕ್ಲೇ ಬೀದಿ ಬಂದು ಸೇರುವ ಮೂಲೆಯ ಹತ್ತಿರ. ಎದುರುಗಡೆಯ ಮೂಲೆಯ ಕಿರಾಣಿ ಅಂಗಡಿಯಲ್ಲಿಯೇ ಆ ಪಾತ್ರ ತಣ್ಣಗಿನ ಊಟದ ಪೊಟ್ಟಣಗಳನ್ನು ಲೆಕ್ಕವಿಲ್ಲದೆ ಎತ್ತಿಕೊಂಡು ಒಂದರ ಮೇಲೊಂದು ಪೇರಿಸಿಕೊಳ್ಳುತ್ತದೆ. ಅಪ್ಪನ ಕಣ್ಣು ಮೊದಲು ಹೋದದ್ದು ಅಂಗಡಿಯ ಕಡೆಗಲ್ಲ, ಆ ಏರಿನಲ್ಲಿ ನಿಂತಿದ್ದ ಕಾರುಗಳ ಚಕ್ರಗಳ ಕಡೆಗೆ. ಬ್ರೇಕ್ ಜಾರಿದರೂ ಕಾರು ಕೆಳಗೆ ಉರುಳಿಹೋಗದಿರಲೆಂದು ಇಲ್ಲಿನ ಕಡಿದಾದ ಬೀದಿಗಳಲ್ಲಿ ಎಲ್ಲರೂ ಮುಂದಿನ ಚಕ್ರಗಳನ್ನು ಪಾದಚಾರಿ ಕಟ್ಟೆಗೆ ಒರಗುವಂತೆ ತಿರುಗಿಸಿ ನಿಲ್ಲಿಸಬೇಕೆಂಬ ನಿಯಮವಿದೆ. ನಿಲ್ಲಿಸುವುದಕ್ಕೇ ಇಷ್ಟು ಎಚ್ಚರ ಬೇಕಾದ ಇಳಿಜಾರಿನಲ್ಲಿ ನಾಲ್ಕೂ ಚಕ್ರ ನೆಲ ಬಿಡುವಷ್ಟು ವೇಗದಲ್ಲಿ ಕಾರು ಓಡಿಸುವುದೆಂದರೇನು ಎಂಬುದು ಅಪ್ಪನಿಗೆ ಅರ್ಥವಾದದ್ದು ಅಲ್ಲಿ ನಿಂತಾಗ. ಅವರು ಬಗ್ಗಿ ಒಂದು ಚಕ್ರವನ್ನು ಮುಟ್ಟಿ ನೋಡಿದರು.

'ಬುಲಿಟ್'ನಲ್ಲಿ ಎರಡು ಕಾರುಗಳ ಬೆನ್ನಟ್ಟುವಿಕೆಯ ದೃಶ್ಯದ ಅವಧಿ 10 ನಿಮಿಷ 53 ಸೆಕೆಂಡು. ಮೆಕ್ವೀನ್ ಪಾತ್ರದ ಹಸಿರು ಫೋರ್ಡ್ ಮಸ್ಟಾಂಗ್ ಜಿಟಿ 390 ಒಂದು ಕಡೆ, ಹಂತಕರ ಕಪ್ಪು ಡಾಡ್ಜ್ ಚಾರ್ಜರ್ ಇನ್ನೊಂದು ಕಡೆ. ಚಾರ್ಜರಿನಲ್ಲಿರುವ ಹಂತಕ ಸೀಟ್ ಬೆಲ್ಟ್ ಬಿಗಿದುಕೊಂಡ ಕೆಲವೇ ಕ್ಷಣಗಳಲ್ಲಿ ಲಾಲೋ ಶಿಫ್ರಿನ್ ಅವರ ಸಂಗೀತ ನಿಂತುಹೋಗುತ್ತದೆ. ಅಲ್ಲಿಂದ ಮುಂದೆ ಎಂಜಿನಿನ ಗರ್ಜನೆ ಮತ್ತು ಟೈರಿನ ಚೀತ್ಕಾರವೇ ಸಂಗೀತ. ಮಾತೂ ಇಲ್ಲ. ಸಂಕಲನಕಾರ ಫ್ರಾಂಕ್ ಕೆಲ್ಲರ್ ಅವರಿಗೆ ಈ ಚಿತ್ರಕ್ಕಾಗಿ ಆಸ್ಕರ್ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ನನಗೆ ಮಾತ್ರ ಅದರಲ್ಲೆಲ್ಲ ಅತ್ಯಂತ ಪ್ರಿಯವಾದದ್ದು ಒಂದು ತಪ್ಪು: ಮಸ್ಟಾಂಗ್ ಒಂದು ತಿರುವನ್ನು ದಾಟಿ ಮುಂದೆ ಹೋಗಿಬಿಡುತ್ತದೆ, ಮೆಕ್ವೀನ್ ರಿವರ್ಸ್ ಹಾಕುತ್ತಾರೆ, ಹಿಂದಿನ ಚಕ್ರಗಳಿಂದ ಹೊಗೆ ಏಳುತ್ತದೆ. ಬೇರೆ ಯಾವ ನಟನಾಗಿದ್ದರೂ ಕತ್ತರಿಸಿ ಎಸೆಯಬಹುದಾಗಿದ್ದ ಆ ತುಣುಕು ಚಿತ್ರದಲ್ಲಿ ಹಾಗೆಯೇ ಉಳಿದಿದೆ.

ಆ ದೃಶ್ಯದ ಎಲ್ಲವನ್ನೂ ಮೆಕ್ವೀನ್ ಓಡಿಸಲಿಲ್ಲ. ಅಭಿಮಾನಿಗಳು ಇದನ್ನು ಗುರುತಿಸಲು ಒಂದು ಉಪಾಯ ಹೇಳುತ್ತಾರೆ. ಕಾರಿನೊಳಗಿನ ಕನ್ನಡಿಯಲ್ಲಿ ಚಾಲಕನ ಮುಖ ಕಾಣುತ್ತಿದ್ದರೆ ಓಡಿಸುತ್ತಿರುವುದು ಮೆಕ್ವೀನ್, ಕನ್ನಡಿಯನ್ನು ಮೇಲಕ್ಕೆ ತಿರುಗಿಸಿ ಮುಖ ಮರೆಮಾಡಿದ್ದರೆ ಓಡಿಸುತ್ತಿರುವುದು ಸಾಹಸ ಚಾಲಕ. ಕಡಿದಾದ ಇಳಿಜಾರುಗಳಲ್ಲಿ ಹಾರಿದ ಮಸ್ಟಾಂಗಿನ ಸ್ಟೀರಿಂಗ್ ಹಿಡಿದಿದ್ದವರು ಬಡ್ ಈಕಿನ್ಸ್. ಚಾರ್ಜರ್ ಓಡಿಸಿದವರು ಬಿಲ್ ಹಿಕ್‌ಮನ್. ಅಪ್ಪನಿಗೆ ಇದನ್ನು ಹೇಳುವುದೋ ಬೇಡವೋ ಎಂದು ನಾನು ಹಿಂಜರಿದೆ. ಐವತ್ತು ವರ್ಷ ಜೋಪಾನ ಮಾಡಿಕೊಂಡು ಬಂದ ನೆನಪಿಗೆ ಏಕೆ ಕಲ್ಲು ಹಾಕಬೇಕು ಎನ್ನಿಸಿತು. ಕೊನೆಗೆ ಹೇಳಿದೆ. ಅಪ್ಪ ನಕ್ಕು, "ಗೊತ್ತು. 'ದಿ ಗ್ರೇಟ್ ಎಸ್ಕೇಪ್'ನಲ್ಲಿ ಬೇಲಿ ಹಾರಿದವನೂ ಈಕಿನ್ಸೇ" ಎಂದರು.

1963ರ ಆ ಚಿತ್ರದ ಮುಳ್ಳುತಂತಿ ಬೇಲಿಯ ಹಾರುವಿಕೆ ಮೆಕ್ವೀನ್ ಹೆಸರಿಗೆ ಅಂಟಿಕೊಂಡಷ್ಟು ಗಟ್ಟಿಯಾಗಿ ಮತ್ತಾವ ದೃಶ್ಯವೂ ಅಂಟಿಕೊಂಡಿಲ್ಲ. ಜರ್ಮನ್ ಸೇನೆಯ ಬೈಕಿನಂತೆ ವೇಷ ಹಾಕಿದ್ದ ಆ ಟ್ರಯಂಫ್ ಬೈಕನ್ನು ಗಾಳಿಗೆ ಎಬ್ಬಿಸಿದವರು ಮಾತ್ರ ಈಕಿನ್ಸ್. ಲಾಸ್ ಏಂಜಲೀಸ್ ಬಳಿ ಟ್ರಯಂಫ್ ಬೈಕುಗಳ ಅಂಗಡಿ ಇಟ್ಟಿದ್ದ, ಮರುಭೂಮಿ ರೇಸುಗಳಲ್ಲಿ ಹೆಸರು ಮಾಡಿದ್ದ ಗೆಳೆಯ ಅವರು. ಆ ಹಾರುವಿಕೆಯ ಹೊಗಳಿಕೆ ತಮ್ಮ ಪಾಲಿಗೆ ಬಂದಾಗ ಮೆಕ್ವೀನ್ ಟಿವಿಯಲ್ಲಿಯೇ, ಅದು ನಾನಲ್ಲ, ಬಡ್ ಈಕಿನ್ಸ್ ಎಂದು ಹೇಳಿದರು. ಹಾಗೆಂದು ಅವರು ಬೈಕನ್ನು ಮುಟ್ಟದೆ ಸುಮ್ಮನಿದ್ದವರಲ್ಲ. ತಮ್ಮನ್ನು ಬೆನ್ನಟ್ಟುವ ಜರ್ಮನ್ ಸೈನಿಕನ ಸಮವಸ್ತ್ರ ತೊಟ್ಟು ತಾವೇ ಬೈಕ್ ಓಡಿಸಿದ ಭಾಗಗಳೂ ಆ ಚಿತ್ರದಲ್ಲಿವೆ.

ಮೆಕ್ವೀನ್ ಅವರಿಗೆ ರೇಸು ಸಿನಿಮಾ ಪ್ರಚಾರದ ಅಲಂಕಾರವಾಗಿರಲಿಲ್ಲ. 1930ರಲ್ಲಿ ಹುಟ್ಟಿದ ಅವರು ಬಾಲ್ಯ ಕಳೆದದ್ದು ಮಿಸೌರಿಯ ಸ್ಲೇಟರ್ ಎಂಬ ಪುಟ್ಟ ಊರಿನಲ್ಲಿ, ಅಜ್ಜಿಯ ಕಡೆಯ ಹಿರಿಯ ಬಂಧುವೊಬ್ಬರ ಜಮೀನಿನಲ್ಲಿ. ಆ ಬಂಧು ಕೊಡಿಸಿದ ಕೆಂಪು ಮೂರು ಚಕ್ರದ ಸೈಕಲ್ಲೇ ತಮಗೆ ವೇಗದ ಹುಚ್ಚು ಹಿಡಿಸಿತು ಎಂದು ಅವರು ನೆನೆಯುತ್ತಿದ್ದರು. ದಾರಿ ತಪ್ಪಿದ ಹುಡುಗನಾಗಿ ಕ್ಯಾಲಿಫೋರ್ನಿಯಾದ ಚಿನೋದಲ್ಲಿದ್ದ ಬಾಯ್ಸ್ ರಿಪಬ್ಲಿಕ್ ಎಂಬ ಸುಧಾರಣಾ ಶಾಲೆ ಸೇರಿದರು. ಆಮೇಲೆ ನೌಕಾದಳದ ಮೆರೀನ್ ಪಡೆ, ಅದಾದ ಮೇಲೆ ನ್ಯೂಯಾರ್ಕಿನಲ್ಲಿ ನಟನೆಯ ಕಲಿಕೆ. ಆ ದಿನಗಳಲ್ಲಿ ವಾರಾಂತ್ಯದ ಬೈಕ್ ರೇಸುಗಳ ಬಹುಮಾನದ ಹಣವೂ ಹೊಟ್ಟೆಪಾಡಿಗೆ ಒದಗುತ್ತಿತ್ತು.

1964ರಲ್ಲಿ, ತಾರೆಯಾಗಿ ಮೆರೆಯುತ್ತಿದ್ದಾಗಲೇ, ಪೂರ್ವ ಜರ್ಮನಿಯ ಎರ್ಫರ್ಟಿನಲ್ಲಿ ನಡೆದ ಅಂತರರಾಷ್ಟ್ರೀಯ ಆರು ದಿನಗಳ ಬೈಕ್ ಸ್ಪರ್ಧೆಗೆ ಅಮೆರಿಕ ತಂಡದ ಸದಸ್ಯರಾಗಿ ಹೋದರು. ಮೂರನೆಯ ದಿನ ಬಿದ್ದು ಹೊರಬಿದ್ದರು. ಅದೇ ಸ್ಪರ್ಧೆಯಲ್ಲಿ ಈಕಿನ್ಸ್ ಕಾಲು ಮುರಿದುಕೊಂಡರು. ಸ್ಥಳೀಯ ರೇಸುಗಳಿಗೆ ಹಾರ್ವೆ ಮುಷ್‌ಮನ್ ಎಂಬ ಸುಳ್ಳು ಹೆಸರಿನಲ್ಲಿ ಸೇರುತ್ತಿದ್ದುದೂ ಉಂಟು. ಹೆಸರಿನ ಹೊಳಪಿಲ್ಲದೆ, ಬರೀ ಸವಾರನಾಗಿ ತಾನು ಎಷ್ಟನೆಯವನು ಎಂದು ತಿಳಿಯುವ ಆಸೆ ಅದರ ಹಿಂದೆ ಇತ್ತೆಂದು ನಾನು ನಂಬುತ್ತೇನೆ.

1970ರ ಮಾರ್ಚಿನ ಸೆಬ್ರಿಂಗ್ ರೇಸಿನ ಕಥೆಯನ್ನು ಅಪ್ಪನಿಗೆ ನಾನು ಹೇಳಿದ್ದು ಆ ಕಿರಾಣಿ ಅಂಗಡಿಯ ಪಕ್ಕದಲ್ಲಿ ನಿಂತು. ಫ್ಲಾರಿಡಾದಲ್ಲಿ ಹನ್ನೆರಡು ಗಂಟೆ ನಡೆಯುವ ರೇಸು ಅದು. ಅದಕ್ಕೆ ಎರಡು ವಾರ ಮೊದಲು ಬೈಕ್ ರೇಸೊಂದರಲ್ಲಿ ಮೆಕ್ವೀನ್ ಅವರ ಎಡಪಾದ ಮುರಿದಿತ್ತು. ಕ್ಲಚ್ ಒತ್ತಬೇಕಾದ ಕಾಲಿಗೆ ಪ್ಲಾಸ್ಟರ್ ಕಟ್ಟು ಹಾಕಿಸಿಕೊಂಡೇ ಅವರು ಪೋರ್ಷೆ 908ರೊಳಗೆ ಕುಳಿತರು. ಜೊತೆಯ ಚಾಲಕ ಪೀಟರ್ ರೆವ್ಸನ್. ಅವರಿಗಿಂತ ಬಲವಾದ ಎಂಜಿನುಗಳಿದ್ದ ಕಾರುಗಳು ಒಂದೊಂದಾಗಿ ಕೆಟ್ಟು ನಿಂತವು, ಈ ಚಿಕ್ಕ ಕಾರು ಕೆಡದೆ ಓಡುತ್ತಲೇ ಇತ್ತು. ಕೊನೆಯ ಹಂತದಲ್ಲಿ ಫೆರಾರಿ ತಂಡದ ಮಾರಿಯೋ ಆಂಡ್ರೆಟ್ಟಿ, ತಮ್ಮ ಕಾರು ಕೆಟ್ಟಿದ್ದರಿಂದ ತಂಡದ ಇನ್ನೊಂದು ಕಾರಿಗೆ ಹತ್ತಿ ಬೆನ್ನಟ್ಟಿ ಬಂದು ಗೆದ್ದರು. ಮೆಕ್ವೀನ್ ಮತ್ತು ರೆವ್ಸನ್ ಜೋಡಿಗೆ ಎರಡನೆಯ ಸ್ಥಾನ ಬಂತು. ಅಂತರ ಸುಮಾರು 23 ಸೆಕೆಂಡು ಮಾತ್ರ. ತಮ್ಮ ವರ್ಗದಲ್ಲಿ ಅವರೇ ಮೊದಲಿಗರು.

ಆ ಹನ್ನೆರಡು ಗಂಟೆಗಳಲ್ಲಿ ಹೆಚ್ಚಿನ ಪಾಲು ಕಾರು ಓಡಿಸಿದವರು ರೆವ್ಸನ್ ಎಂಬುದನ್ನು ಅಭಿಮಾನಿಗಳು ಹೇಳಬೇಕು, ಅನೇಕರು ಹೇಳುವುದಿಲ್ಲ. ಹೇಳಿದರೆ ಮೆಕ್ವೀನ್ ಸಾಧನೆ ಕುಗ್ಗುತ್ತದೆಂದು ನನಗನ್ನಿಸುವುದಿಲ್ಲ. ಮುರಿದ ಪಾದದಿಂದ ಪ್ರತಿ ಗೇರಿಗೂ ಕ್ಲಚ್ ಒತ್ತಿದ ನೋವು ಅವರದೇ. ನಾಲ್ಕು ವರ್ಷಗಳ ನಂತರ, 1974ರಲ್ಲಿ, ದಕ್ಷಿಣ ಆಫ್ರಿಕಾದ ಕ್ಯಾಲಾಮಿಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ ರೆವ್ಸನ್ ತೀರಿಕೊಂಡರು. ಆ ಹೆಸರೂ ಈ ಕಥೆಯಲ್ಲಿ ಉಳಿಯಬೇಕು.

ಸೆಬ್ರಿಂಗ್ ರೇಸು ನಡೆದ 1970ರಲ್ಲಿಯೇ ಮೆಕ್ವೀನ್ ಫ್ರಾನ್ಸಿನ ಲೆ ಮಾನ್ ಕಾರು ರೇಸಿನ ಬಗ್ಗೆ ಚಿತ್ರ ಮಾಡಲು ಹೊರಟರು. ರೇಸು ಚಾಲಕ ಜಾಕಿ ಸ್ಟೀವರ್ಟ್ ಜೊತೆ ತಾವೇ ನಿಜವಾದ ರೇಸಿನಲ್ಲಿ ಓಡಿಸಬೇಕೆಂಬುದು ಅವರ ಕನಸು, ವಿಮೆಯವರು ಒಪ್ಪಲಿಲ್ಲ. ಬದಲಿಗೆ ಕ್ಯಾಮೆರಾ ಕಟ್ಟಿದ ಪೋರ್ಷೆ 908 ಒಂದನ್ನು ರೇಸಿಗೇ ಇಳಿಸಿದರು. ಚಿತ್ರೀಕರಣ ಸುಗಮವಾಗಿರಲಿಲ್ಲ. ನಿರ್ದೇಶಕ ಜಾನ್ ಸ್ಟರ್ಜಸ್ ನಡುವೆಯೇ ಬಿಟ್ಟುಹೋದರು, ರೇಸು ಚಾಲಕ ಡೇವಿಡ್ ಪೈಪರ್ ಅಪಘಾತದಲ್ಲಿ ಕಾಲಿನ ಒಂದು ಭಾಗ ಕಳೆದುಕೊಂಡರು. 1971ರಲ್ಲಿ ತೆರೆಕಂಡ ಚಿತ್ರ ಹಣ ತರಲಿಲ್ಲ. ಮೊದಲ ಅರ್ಧ ಗಂಟೆಗೂ ಹೆಚ್ಚು ಕಾಲ ಪಾತ್ರಗಳು ಪರಸ್ಪರ ಮಾತನ್ನೇ ಆಡದ ಆ ಚಿತ್ರವನ್ನು ಆಗಿನ ಪ್ರೇಕ್ಷಕರು ಒಪ್ಪದಿದ್ದುದು ಅರ್ಥವಾಗುತ್ತದೆ. ಆದರೆ ರೇಸು ಬಲ್ಲವರು ಇಂದು ಅದನ್ನೇ ಎದೆಗೊತ್ತಿಕೊಂಡಿದ್ದಾರೆ, ಏಕೆಂದರೆ ಅಲ್ಲಿ ವೇಗಕ್ಕೆ ಬಣ್ಣ ಹಚ್ಚಿಲ್ಲ.

1980ರ ನವೆಂಬರ್ 7ರಂದು ಮೆಕ್ವೀನ್ ತೀರಿಕೊಂಡಾಗ ಅವರಿಗೆ 50 ವರ್ಷ. ಕಾಯಿಲೆ ಮೀಸೋಥೀಲಿಯೋಮಾ, ಕಲ್ನಾರಿನ ಧೂಳಿನಿಂದ ಬರುವ ಕ್ಯಾನ್ಸರ್. ಮೆರೀನ್ ಪಡೆಯಲ್ಲಿದ್ದಾಗ ಹಡಗಿನ ಕೊಳವೆಗಳಿಂದ ಕಲ್ನಾರಿನ ಹೊದಿಕೆ ಕಿತ್ತ ಕೆಲಸವನ್ನು ಅವರು ಅದಕ್ಕೆ ಕಾರಣವೆಂದು ಭಾವಿಸಿದ್ದರು. ಆಗ ರೇಸು ಚಾಲಕರು ಬೆಂಕಿಯಿಂದ ಕಾಪಾಡಿಕೊಳ್ಳಲು ತೊಡುತ್ತಿದ್ದ ಉಡುಪುಗಳಲ್ಲಿಯೂ ಕಲ್ನಾರು ಇರುತ್ತಿತ್ತು. ಉಯಿಲಿನಲ್ಲಿ ಬಾಯ್ಸ್ ರಿಪಬ್ಲಿಕ್ ಶಾಲೆಗೆ ಎರಡು ಲಕ್ಷ ಡಾಲರ್ ಬಿಟ್ಟುಹೋಗಿದ್ದರು. ಮುಂದೆ ಆ ಶಾಲೆಯ ಆವರಣದಲ್ಲಿ ಅಭಿಮಾನಿಗಳು ಹಳೆಯ ಕಾರು ಬೈಕುಗಳನ್ನು ತಂದು ನಿಲ್ಲಿಸಿ, ಅವರ ಹೆಸರಿನಲ್ಲಿ ಮೇಳ ನಡೆಸಿ, ಬಂದ ಹಣವನ್ನು ಅಲ್ಲಿನ ಮಕ್ಕಳಿಗೆ ಕೊಟ್ಟಿದ್ದಾರೆ. 'ಬುಲಿಟ್' ಚಿತ್ರದ ಹಸಿರು ಮಸ್ಟಾಂಗ್ 2020ರ ಜನವರಿಯಲ್ಲಿ ಹರಾಜಿನಲ್ಲಿ ಶುಲ್ಕವೂ ಸೇರಿ 37.4 ಲಕ್ಷ ಡಾಲರಿಗೆ ಹೋಯಿತು. 1977ರಲ್ಲಿ ಮೆಕ್ವೀನ್ ಸ್ವತಃ ಪತ್ರ ಬರೆದು ಅದನ್ನು ಮರಳಿ ಕೊಳ್ಳುತ್ತೇನೆಂದು ಕೇಳಿದ್ದರು, ಆಗಿನ ಮಾಲೀಕರು ಕೊಟ್ಟಿರಲಿಲ್ಲ.

ಮಧ್ಯಾಹ್ನ ನಾವು ಊರಿನ ದಕ್ಷಿಣಕ್ಕೆ, ಬ್ರಿಸ್ಬೇನ್ ಎಂಬ ಪುಟ್ಟ ಊರಿನ ಪಕ್ಕದ ಗ್ವಾಡಲೂಪೆ ಕ್ಯಾನ್ಯನ್ ರಸ್ತೆಗೆ ಹೋದೆವು. ಬೆನ್ನಟ್ಟುವಿಕೆಯ ಕೊನೆಯ ಭಾಗ ಚಿತ್ರಿತವಾದದ್ದು ಇಲ್ಲಿ. ಎರಡೂ ಕಡೆ ಒಣಹುಲ್ಲಿನ ಗುಡ್ಡ, ನಡುವೆ ಅಗಲವಾದ ರಸ್ತೆ. ಎದುರಿನಿಂದ ಬಂದ ಬೈಕೊಂದು ಕಾರುಗಳ ಮುಂದೆ ಅಡ್ಡಬಿದ್ದು ಜಾರಿಕೊಂಡು ಹೋಗುವುದು ಈ ರಸ್ತೆಯಲ್ಲಿಯೇ, ಆ ಬೈಕಿನ ಮೇಲಿದ್ದವರೂ ಈಕಿನ್ಸ್. ಅಪ್ಪ ರಸ್ತೆಯ ಅಂಚಿನಲ್ಲಿ ನಿಂತು, ಹಿಂದೊಮ್ಮೆ ಶ್ರೀರಂಗಪಟ್ಟಣದ ಬಳಿ ಮರಳಿನ ಮೇಲೆ ತಮ್ಮ ಜಾವಾ ಜಾರಿದ್ದನ್ನು ನೆನೆಸಿಕೊಂಡು, ಬೀಳುವಾಗ ಹ್ಯಾಂಡಲ್ ಬಿಡುವುದು ಎಷ್ಟು ಕಷ್ಟವೆಂದು ಕೈಯಲ್ಲೇ ತೋರಿಸಿದರು. ಆಮೇಲೆ ಮೈಸೂರಿನಲ್ಲಿರುವ ಅದೇ ಹಳೆಯ ಗೆಳೆಯನಿಗೆ ವಿಡಿಯೋ ಕರೆ ಮಾಡಿದರು. ಅಲ್ಲಿ ಆಗ ನಡುರಾತ್ರಿ ಕಳೆದಿತ್ತು. ನಿದ್ದೆಗಣ್ಣಿನಲ್ಲಿದ್ದ ಅವರಿಗೆ ಫೋನನ್ನು ತಿರುಗಿಸಿ ರಸ್ತೆಯನ್ನು ತೋರಿಸುತ್ತ, "ನೋಡೋ, ಈಕಿನ್ಸ್ ಬೈಕ್ ಬೀಳಿಸಿದ್ದು ಇಲ್ಲೇ. ಹಿಂದೆ ಬರ್ತಿದ್ದ ಕಾರಿನಲ್ಲಿ ನಮ್ಮ ಮೆಕ್ವೀನ್" ಎಂದರು.