ಗೋಕರ್ಣಕ್ಕೆ ಹೋಗೋ ಮುಂಚೆ ಉಬ್ಬರ ಇಳಿತ ನೋಡ್ಕೊಳ್ಳಿ

ಹಾಸನ
2025 ಫೆಬ್ರವರಿ 16, ಭಾನುವಾರ

ಗೋಕರ್ಣದ ಕಡೆ ಹೋಗುವ ಯೋಚನೆ ಇದ್ದರೆ ರೂಮ್ ಬುಕ್ ಮಾಡುವ ಮುಂಚೆ ಒಂದ್ಸಲ ಕ್ಯಾಲೆಂಡರ್ ನೋಡಿ, ಹುಣ್ಣಿಮೆ ಅಮಾವಾಸ್ಯೆ ಯಾವತ್ತು ಬರುತ್ತೆ ಅಂತ. ತಮಾಷೆಗೆ ಹೇಳ್ತಿಲ್ಲ. ನಾವು ಈ ವಾರ ಹೋಗಿದ್ದು ಭಾರತ ಹುಣ್ಣಿಮೆಗೆ. ಅತ್ತೆಗೆ ಮಾಘ ಮಾಸದ ಸಮುದ್ರಸ್ನಾನ ಆಗಬೇಕಿತ್ತು, ಇವರಿಗೆ ಮೀನೂಟ ಆಗಬೇಕಿತ್ತು, ಮಗನಿಗೆ ಏಡಿ ನೋಡಬೇಕಿತ್ತು. ಮೂರರಲ್ಲಿ ಎರಡು ಹುಣ್ಣಿಮೆ ದಿನವೇ ಆಯಿತು. ಮೀನು ಮಾತ್ರ ಅವತ್ತು ಅತ್ತೆ ಎದುರು ಬಾಯಲ್ಲಿ ಎತ್ತುವ ಹಾಗಿರಲಿಲ್ಲ, ಮರುದಿನಕ್ಕೆ ಹೋಯಿತು.

ನಾಳೆ ಆಫೀಸಿನಲ್ಲಿ ಟೀ ಹೊತ್ತಿಗೆ ಎಲ್ಲರೂ ಕೇಳೋದು ಒಂದೇ, ಎಷ್ಟು ಬೀಚ್ ಮುಗಿಸಿದ್ರಿ ಅಂತ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನ ನೆಂಟರಿಗೆ ತೋರಿಸಿ ಕಳಿಸೋ ಊರಿನವರು ನಾವು, ಇನ್ನೇನು ಕೇಳ್ತೀವಿ. ಆದರೆ ಬಂಡೆ, ಗುಡ್ಡ, ನದಿ ಸಮುದ್ರ ಸೇರುವ ಅಳಿವೆ ಇರುವ ಕಡಲಲ್ಲಿ ಆ ಲೆಕ್ಕ ನಡೆಯಲ್ಲ. ಯಾವ ಹೊತ್ತಿಗೆ ಏನು ಮಾಡಬಹುದು ಅಂತ ಅಲ್ಲಿ ನೀರು ಹೇಳುತ್ತೆ, ನಾವು ಕೇಳಬೇಕು.

ವಿಷಯ ಸರಳ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಪ್ರತಿದಿನ ಹೆಚ್ಚುಕಡಿಮೆ 50 ನಿಮಿಷ ತಡ ಆಗ್ತಾ ಹೋಗುತ್ತೆ. ಹುಣ್ಣಿಮೆ ಅಮಾವಾಸ್ಯೆ ಹೊತ್ತಿಗೆ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರೋದರಿಂದ ನೀರು ಏರೋದೂ ಜಾಸ್ತಿ, ಇಳಿಯೋದೂ ಜಾಸ್ತಿ. ಅಷ್ಟಮಿ ಆಸುಪಾಸಿನಲ್ಲಿ ಎರಡೂ ಕಡಿಮೆ. ನಮ್ಮ ಶೆಟ್ಟಿಹಳ್ಳಿ ಹಳೇ ಚರ್ಚು ಗೊರೂರು ಡ್ಯಾಮಿನ ಹಿನ್ನೀರಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಎದ್ದು ನಿಲ್ಲುತ್ತಲ್ಲ, ಹಾಗೆ, ಆದರೆ ವರ್ಷಕ್ಕೊಂದು ಸಲದ ಬದಲು ದಿನಕ್ಕೆರಡು ಸಲ. ಗೋಕರ್ಣದ ಕಡೆ ಹುಣ್ಣಿಮೆ ದಿನ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಉಬ್ಬರ, ಸಂಜೆ ಇಳಿತ. ಸರಿಯಾದ ಟೈಮ್ ಬೇಕಿದ್ದರೆ ಮೊಬೈಲಿನಲ್ಲಿ ಕಾರವಾರ ಅಂತ ಹಾಕಿ ಟೈಡ್ ಚಾರ್ಟ್ ನೋಡಿದರೆ ಸಾಕು.

ಸಂಜೆ ನೀರು ಇಳಿದಾಗ ಓಂ ಬೀಚಿಗೆ ಹೋದೆವು. ಎರಡು ಅರ್ಧಚಂದ್ರ ಸೇರುವ ಜಾಗದಲ್ಲಿ ಬಂಡೆಗಳ ರಾಶಿ ಇದೆ, ಎಲ್ಲರೂ ಅದರ ಮೇಲೆ ಹತ್ತಿ ಫೋಟೋ ತೆಗೆಸಿಕೊಂಡು ಇಳಿದುಬಿಡ್ತಾರೆ. ಕೆಳಗೆ, ಬಂಡೆ ಸಂದಿಯಲ್ಲಿ ನೀರು ನಿಂತಿರುತ್ತಲ್ಲ, ನೋಡಬೇಕಾದ್ದು ಅಲ್ಲಿ. ಒಂದು ಗುಂಡಿ, ನಮ್ಮನೆ ಹಿಟ್ಟು ಕಲಸೋ ಬೇಸಿನ್ನಿನಷ್ಟು ದೊಡ್ಡದಿರಬಹುದು. ಮೊದಲು ಏನೂ ಕಾಣಲಿಲ್ಲ. ಮಗನಿಗೆ ನೆರಳು ಬೀಳದ ಹಾಗೆ ಕೂರಿಸಿ, ಕೈ ಹಾಕಬೇಡ, ಸುಮ್ನೆ ನೋಡು ಅಂದೆ. ಸ್ವಲ್ಪ ಹೊತ್ತಿಗೆ ಒಂದು ಸಣ್ಣ ಶಂಖ ಎದ್ದು ನಡೆಯೋಕೆ ಶುರು ಮಾಡಿತು. ಒಳಗಿರೋದು ಏಡಿ, ಯಾವುದೋ ಸತ್ತ ಹುಳದ ಖಾಲಿ ಚಿಪ್ಪಿಗೆ ಹಿಂದಿನ ಮೆತ್ತನೆ ಭಾಗ ತೂರಿಸಿಕೊಂಡು ಬದುಕುತ್ತೆ, ಮೈ ಬೆಳೆದರೆ ದೊಡ್ಡ ಚಿಪ್ಪು ಹುಡುಕಿ ಮನೆ ಬದಲಾಯಿಸುತ್ತೆ. ಬಾಡಿಗೆ ಕೊಡಬೇಕಾ ಅಂತ ಕೇಳಿದ ಮಗ. ಅದಕ್ಕೇ ಹೇಳೋದು, ಬೀಚಿನಿಂದ ಚೀಲಗಟ್ಟಲೆ ಶಂಖ ಚಿಪ್ಪು ಹೊತ್ತು ತರಬೇಡಿ. ತಂದದ್ದು ಮನೆ ಶೋಕೇಸಿನಲ್ಲಿ ಧೂಳು ತಿನ್ನುತ್ತೆ, ಅಲ್ಲಿ ಅದಕ್ಕೆ ಗಿರಾಕಿ ಇದಾರೆ.

ಬಂಡೆಗೆ ಬಿಳಿ ಬಿಳಿ ಗುಳ್ಳೆ ಥರ ಅಂಟಿಕೊಂಡಿರೋದು ಬಾರ್ನಕಲ್ ಅನ್ನೋ ಸಣ್ಣ ಚಿಪ್ಪಿನ ಜೀವಿ. ಕಲ್ಲು ಅಂದುಕೊಂಡು ಬರಿಗಾಲಲ್ಲಿ ತುಳಿದರೆ ಬ್ಲೇಡಿನಷ್ಟು ಚೂಪು. ನೀರಿಲ್ಲದಾಗ ಬಾಗಿಲು ಹಾಕಿಕೊಂಡು ಕೂತಿರುತ್ತೆ, ನೀರೊಳಗೆ ಇದ್ದರೆ ಮೇಲಿನ ಬಾಯಿ ತೆರೆದು ಗರಿಯಂಥ ಕಾಲು ಹೊರಗೆ ಚಾಚಿ ಬೀಸುತ್ತೆ, ಎಳೆದುಕೊಳ್ಳುತ್ತೆ, ಮತ್ತೆ ಬೀಸುತ್ತೆ. ಊಟ ಹಿಡಿಯೋ ಕ್ರಮ ಅದು. ಅತ್ತೆ ದೂರದಲ್ಲಿ ಮರಳ ಮೇಲೆ ಕೂತು, ಗುಂಡಿಯೊಳಗೆ ಏನ್ ಚಿನ್ನ ಬಿದ್ದಿದೆಯೇನೇ ಅಂತ ಕೂಗಿದರು. ಆಮೇಲೆ ಅವರೇ ಸೀರೆ ಎತ್ತಿ ಕಟ್ಟಿ ಬಂದು, ನಮಗಿಂತ ಜಾಸ್ತಿ ಹೊತ್ತು ಕೂತರು.

ಕಾಲಿಗೆ ಹವಾಯಿ ಚಪ್ಪಲಿ ಹಾಕ್ಕೊಂಡು ಹೋಗಬೇಡಿ, ಹಳೇ ಕ್ಯಾನ್ವಾಸ್ ಶೂ ಇರಲಿ. ಕಪ್ಪಗೆ, ಹಸಿರು ಪಾಚಿ ಮಿನುಗುವ ಬಂಡೆ ಅಂದರೆ ಅಲೆ ಅಲ್ಲಿವರೆಗೂ ಬರುತ್ತೆ ಅಂತಲೇ ಅರ್ಥ. ಸಮುದ್ರಕ್ಕೆ ಬೆನ್ನು ಹಾಕಿ ಸೆಲ್ಫಿಗೆ ನಿಲ್ಲೋದಂತೂ ಬೇಡವೇ ಬೇಡ. ನೀರು ವಾಪಸ್ ಏರೋಕೆ ಶುರುವಾಗೋ ಮುಂಚೆ ಬಂಡೆ ಬಿಟ್ಟು ಬನ್ನಿ.

ಈಜುವ ಬಗ್ಗೆ ಒಂದು ಮಾತು, ಇದನ್ನ ನಮ್ಮ ಬಯಲುಸೀಮೆ ಮಲೆನಾಡಿನವರು ಕೇಳಿಸಿಕೊಳ್ಳಲೇಬೇಕು. ಕೆರೆಯಲ್ಲಿ, ಹೇಮಾವತಿಯಲ್ಲಿ ಈಜಿದವರಿಗೆ ಅಲೆ ಏಳದೆ ಸಮತಟ್ಟಾಗಿ ಕಾಣುವ ಪಟ್ಟಿಯೇ ಸೇಫ್ ಅನ್ನಿಸುತ್ತೆ. ದಡಕ್ಕೆ ಬಂದ ಅಲೆಯ ನೀರು ಒಟ್ಟಾಗಿ ವಾಪಸ್ ಹೋಗುವ ದಾರಿ ಎಷ್ಟೋ ಸಲ ಅದೇ ಆಗಿರುತ್ತೆ. ಬಂಡೆ ಪಕ್ಕದಲ್ಲಿ, ಗುಡ್ಡದ ಮೂತಿ ಕೆಳಗೆ ಈ ಸೆಳೆತ ಜಾಸ್ತಿ. ಸಿಕ್ಕಿಹಾಕಿಕೊಂಡರೆ ನೇರ ದಡದ ಕಡೆ ಈಜಿ ಸುಸ್ತಾಗೋ ಬದಲು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ದಾಟಿದ ಮೇಲೆ ದಡಕ್ಕೆ ತಿರುಗಬೇಕು. ಲೈಫ್‌ಗಾರ್ಡ್ ಸೀಟಿ ಹೊಡೆದಾಗ ಅವರ ಜೊತೆ ವಾದಕ್ಕೆ ನಿಲ್ಲುವ ಗಂಡಸರನ್ನು ನೋಡಿ ಇವರಿಗೇ ಸಿಟ್ಟು ಬಂತು. ಅತ್ತೆಯ ಸಮುದ್ರಸ್ನಾನ ಮೊಣಕಾಲು ನೀರಲ್ಲಿ, ಚೊಂಬಿನಲ್ಲಿ ಮೊಗೆದು ಹಾಕಿಕೊಂಡು ಆಯಿತು. ಪುಣ್ಯ ಏನೂ ಕಡಿಮೆ ಆಗಲ್ಲ ಅಂದರು, ಸರಿ.

ನೀರು ಏರಿದ ಹೊತ್ತಲ್ಲಿ ಗುಡ್ಡ ನಡೆಯಬಹುದು. ಊರಿನಿಂದ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಅಂತ ಸಾಲಾಗಿ ಬರುತ್ತವೆ, ಒಂದೊಂದರ ಮಧ್ಯೆ ಒಂದೊಂದು ಗುಡ್ಡ ಸಮುದ್ರಕ್ಕೆ ಚಾಚಿಕೊಂಡಿದೆ. ಓಂನಿಂದ ಹಾಫ್ ಮೂನಿಗೆ ಕಾಲುದಾರಿ ಚೆನ್ನಾಗಿದೆ, ಮಕ್ಕಳೂ ನಡೀತಾರೆ. ಅಲ್ಲಿಂದ ಮುಂದೆ ಬಂಡೆ ಹತ್ತಿ ಇಳಿಯೋದು, ಮಂಡಿ ನೋವಿನವರಿಗೆ ಬೇಡ, ಓಂ ಕಡೆಯಿಂದ ದೋಣಿ ಸಿಗುತ್ತೆ. ದಾರಿಯುದ್ದಕ್ಕೂ ಕಾಲ ಕೆಳಗೆ ತೂತು ತೂತಿನ ಕೆಂಪು ಕಲ್ಲು. ಅವರು ಚಿರೆಕಲ್ಲು ಅಂತಾರೆ. ಕಬ್ಬಿಣದ ಅಂಶ ಜಾಸ್ತಿ, ನೆಲದೊಳಗೆ ಮೆತ್ತಗಿದ್ದಾಗ ಇಟ್ಟಿಗೆ ಥರ ಕೊಯ್ದು ತೆಗೀತಾರೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತೆ. ಮನೆ, ಕಾಂಪೌಂಡು, ಬಾವಿಕಟ್ಟೆ ಎಲ್ಲ ಅದರದ್ದೇ. ಕುಮಟಾ ದಾರಿಯ ಮಿರ್ಜಾನ್ ಕೋಟೆ ಕೂಡ ಅದೇ ಕಲ್ಲು, ಕಾಳುಮೆಣಸಿನ ರಾಣಿ ಅಂತ ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿ ಹೆಸರಿನ ಜೊತೆ ಸೇರಿಕೊಂಡ ಕೋಟೆ. ಬಿಸಿಲಲ್ಲಿ ಹೋಗಬೇಡಿ, ನೆರಳಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಸಾಣಿಕಟ್ಟಾ. ಗೋಕರ್ಣದಿಂದ ಹೆದ್ದಾರಿ ಕಡೆ ಬರೋವಾಗ ರಸ್ತೆ ಪಕ್ಕದಲ್ಲೇ ಉಪ್ಪಿನ ಗದ್ದೆಗಳು. ಜನ ಕಾರಿನ ಕಿಟಕಿಯಿಂದ ನೋಡಿ ಹೋಗ್ತಾರೆ. ಉಬ್ಬರ ಬಂದಾಗ ಅಘನಾಶಿನಿ ಅಳಿವೆಯ ಉಪ್ಪುನೀರನ್ನು ತೂಬು ತೆಗೆದು ಒಳಗೆ ಬಿಟ್ಟುಕೊಳ್ತಾರೆ. ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸುತ್ತಾ ಬಿಸಿಲಿಗೆ ಬಿಟ್ಟರೆ ನೀರು ಗಟ್ಟಿಯಾಗುತ್ತಾ ಬಂದು ಕೊನೆಯ ಪಾತಿಯಲ್ಲಿ ಉಪ್ಪು ಕಟ್ಟುತ್ತೆ. ಉದ್ದ ಕೋಲಿನ ತುದಿಗೆ ಹಲಗೆ ಹಾಕಿ ಅದನ್ನ ಎಳೆದು ಬದುವಿಗೆ ಗುಡ್ಡೆ ಹಾಕ್ತಾರೆ. ಗುಡ್ಡೆಯಿಂದ ಒಂದು ಹರಳು ಬಾಯಿಗೆ ಹಾಕಿಕೊಂಡೆ, ಪ್ಯಾಕೆಟ್ ಉಪ್ಪಿಗಿಂತ ಸ್ವಲ್ಪ ಕಹಿ ಅನ್ನಿಸಿತು. ಉಪ್ಪು ತೆಗೆಯೋ ಕಾಲ ಈಗ, ಮಳೆ ಹಿಡಿಯೋವರೆಗೆ. ಜೂನಿನಲ್ಲಿ ಹೋದರೆ ಬರೀ ನೀರು ಕಾಣುತ್ತೆ.

ಅದೇ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಸೊಂಟದ ನೀರಲ್ಲಿ ನಿಂತು ಕೆಸರಿನಿಂದ ಚಿಪ್ಪಿ ಹೆಕ್ಕುತ್ತಾರೆ. ಉಬ್ಬರ ಬಂದರೆ ಅವತ್ತಿನ ಕೆಲಸ ಮುಗೀತು. ಒಬ್ಬ ಅಜ್ಜಿ ಬುಟ್ಟಿ ತೋರಿಸಿ, ಸುಕ್ಕ ಮಾಡೂಕೆ ತಗಂಡು ಹೋಗಿ ಅಂದರು. ಹಾಸನಕ್ಕೆ ಬರೋ ಹೊತ್ತಿಗೆ ಟ್ರೈನ್ ಬೋಗಿಯಲ್ಲಿ ಯಾರೂ ಕೂರಲ್ಲ ಅಂತ ಇವರು ಕೈಮುಗಿದರು. ಈ ಅಳಿವೆಗೆ 2024ರಲ್ಲಿ ರಾಮ್‌ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿದೆ. ಉಪ್ಪುನೀರು ತಡೆದುಕೊಂಡು ಬೆಳೆಯುವ ಕಗ್ಗ ಅನ್ನೋ ಭತ್ತವೂ ಇಲ್ಲಿನ ಗಜನಿ ಗದ್ದೆಗಳದ್ದೇ, ಅಂದರೆ ಅಳಿವೆ ಅಂಚಿನ ತಗ್ಗು ಗದ್ದೆಗಳದ್ದು.

ಹೋಗೋದು ಸುಲಭ. ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಹಾಸನದಲ್ಲಿ ಹತ್ತಿದರೆ ಬೆಳಗ್ಗೆ ಗೋಕರ್ಣ ರೋಡ್. ಶಿರಾಡಿ ಘಾಟಿಯ ಗುಂಡಿ, ಧೂಳು, ಲಾರಿ ಸಾಲು ಯಾವುದೂ ಇಲ್ಲ. ಸಕಲೇಶಪುರ ದಾಟಿದ ಮೇಲಿನ 57 ಸುರಂಗ ಕತ್ತಲಲ್ಲಿ ಕಾಣಲ್ಲ, ಅದೊಂದು ನಷ್ಟ. ಸ್ಟೇಷನ್ನಿನಿಂದ ಊರು ದೂರ, ಆಟೋದವರು ಹೇಳೋ ರೇಟು ಕೇಳಿದರೆ ನಿದ್ದೆ ಪೂರ್ತಿ ಹೋಗುತ್ತೆ.

ಇನ್ನೂ ಸಮಯ ಇದ್ದವರಿಗೆ: ಹೊನ್ನಾವರದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಯ ದಾರಿ ಇದೆ, ಉಬ್ಬರದಲ್ಲಿ ಹೋದರೆ ಕಾಲಡಿಗೆ ನೀರು, ಇಳಿತದಲ್ಲಿ ಹೋದರೆ ಕೆಸರಲ್ಲಿ ಏಡಿ. ಅದರ ಪಕ್ಕದ ಕಾಸರಕೋಡು ಟೊಂಕದಲ್ಲಿ ಈ ತಿಂಗಳುಗಳಲ್ಲಿ ಕಡಲಾಮೆ ಮೊಟ್ಟೆ ಇಡುತ್ತೆ, ರಾತ್ರಿ ಟಾರ್ಚ್ ಹಿಡಿದು ಹುಡುಕೋಕೆ ಹೋಗಬೇಡಿ. ಕಾರಲ್ಲಿ ಬರೋರು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬಹುದು. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ, ಸುಮಾರು 8 ಕೋಟಿ 80 ಲಕ್ಷ ವರ್ಷ ಹಳೆಯ ಲಾವಾ ಕಂಬಗಳು, ಹೆಚ್ಚಿನವು ಆರು ಮೂಲೆಯವು. ಮಳೆಗಾಲದಲ್ಲಿ ದೋಣಿ ಬಿಡಲ್ಲ.

ಊಟಕ್ಕೆ ಅತ್ತೆ ಕುಚ್ಚಲಕ್ಕಿ ಅನ್ನ ನೋಡಿ ಮುಖ ಸಿಂಡರಿಸಿದರು, ಮುರುಗಲು ಶರಬತ್ತು ಮಾತ್ರ ಎರಡೆರಡು ಲೋಟ. ಇವರ ಬಂಗುಡೆ ಮಸಾಲೆ ಬಗ್ಗೆ ಬರೆಯೋಕೆ ಹೋದರೆ ಇನ್ನೊಂದು ಪುಟ ಬೇಕು.

ಇದೇ 26ಕ್ಕೆ ಶಿವರಾತ್ರಿ. ಬಂಡೆ ಗುಂಡಿ ನೋಡೋಕೆ ಅಂತ ಹೋಗೋರು ಆ ವಾರ ಗೋಕರ್ಣ ಬಿಟ್ಟುಬಿಡಿ, ಜಾತ್ರೆ, ತೇರು, ಕಾಲಿಡೋಕೆ ಜಾಗ ಇರಲ್ಲ. ದೇವರಿಗೆ ಹೋಗೋದಾದರೆ ಬೇರೆ ಮಾತು. ಮುಂದಿನ ಸಲ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ನೀರೊಳಗೆ ಹವಳ ನೋಡಬೇಕು ಅಂತ ಮಗ ಈಗಲೇ ಶುರು ಮಾಡಿದಾನೆ. ಮೊದಲು ಬೇಸಿಗೆ ರಜೆಯಲ್ಲಿ ಈಜು ಕಲಿ, ಆಮೇಲೆ ನೋಡೋಣ ಅಂತ ಹೇಳಿದೀನಿ.